ಮರ ಬಿದ್ದ ಕಾರು, ಕಂಪನಿ ಹೇಳಿದ ರೇಟು: ಸ್ವಂತವಾಗಿ ವ್ಯಾಲ್ಯುಯೇಶನ್ ಮಾಡಿಸಿದ್ರೆ ಉಪಯೋಗ ಇದೆಯಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು. ಈ ಮಳೆಗಾಲದಲ್ಲಿ ಅಂಗಳದಲ್ಲಿ ನಿಲ್ಲಿಸಿದ್ದ ಕಾರಿನ ಮೇಲೆ ಹಲಸಿನ ಮರ ಬಿತ್ತು. ಟಾಪ್ ಪೂರ್ತಿ ಸೀಟಿಗೆ ಬಂದು ಕೂತಿದೆ. 2017ರ ಪೆಟ್ರೋಲ್ ಗಾಡಿ, 1200 ಸಿಸಿ, ಒಬ್ಬನೇ ಓನರ್, ಸರ್ವಿಸ್ ಎಲ್ಲ ಶೋರೂಮಲ್ಲೇ. ಪಾಲಿಸಿಯಲ್ಲಿ ಐಡಿವಿ (ಗಾಡಿಗೆ ಪಾಲಿಸಿಯಲ್ಲಿ ಬರೆದಿರೋ ಬೆಲೆ) 3,40,000 ಅಂತಿದೆ. ಶಿವಮೊಗ್ಗದ ವರ್ಕ್‌ಶಾಪ್‌ನವರು 4.1 ಲಕ್ಷ ಎಸ್ಟಿಮೇಟ್ ಕೊಟ್ಟಿದ್ದಾರೆ. ಇನ್ಶೂರೆನ್ಸ್ ಕಂಪನಿಯವರು (ಹೆಸರು ಬೇಡ) ಫೋನ್ ಮಾಡಿ "ಟೋಟಲ್ ಲಾಸ್ (ಗಾಡಿ ಪೂರ್ತಿ ಹೋಯ್ತು ಅನ್ನೋ ಲೆಕ್ಕ) ಮಾಡ್ತೀವಿ ಸರ್, ಆದ್ರೆ ಈಗಿನ ಮಾರ್ಕೆಟ್ ವ್ಯಾಲ್ಯೂ 2.8 ಲಕ್ಷ, ಅಷ್ಟಕ್ಕೆ ಒಪ್ಪಿಗೆ ಪತ್ರ ಕಳಿಸಿ" ಅಂತಿದ್ದಾರೆ. ಆನ್‌ಲೈನಲ್ಲಿ ಇದೇ ಮಾಡೆಲ್ 4.2ಕ್ಕೆ ಕಮ್ಮಿ ಸಿಗ್ತಿಲ್ಲ. ಯಾರಾದ್ರೂ ವ್ಯಾಲ್ಯುಯರ್ ಕರೆಸಿ 4.2 ಅಂತ ಸರ್ಟಿಫಿಕೇಟ್ ತಗೊಂಡ್ರೆ ಅಷ್ಟು ಕೇಳಬಹುದಾ?

ಗ್ಯಾರೇಜ್_ಮೈಸೂರು
ಮೊದ್ಲು ಒಂದು ಮಾತು. ಒಪ್ಪಿಗೆ ಪತ್ರಕ್ಕೆ ಸೈನ್ ಹಾಕ್ಬೇಡಿ ಸಾರ್. ಫೋನಲ್ಲಿ "ಸರಿ" ಅಂತಾನೂ ಅನ್ಬೇಡಿ. ಉಳಿದಿದ್ದು ಗೊತ್ತಿರೋರು ಹೇಳ್ತಾರೆ.

ಸರ್ವೇಯರ್_ದಾವಣಗೆರೆ
ನಾನು ಲೈಸೆನ್ಸ್ ಇರುವ ಸರ್ವೇಯರ್ (ವಿಮೆ ಕ್ಲೇಮಿನ ನಷ್ಟ ಅಂದಾಜು ಮಾಡುವವನು), ಮೋಟಾರ್ ವಿಭಾಗ. ಇವರ ಕಂಪನಿಗೂ ನನಗೂ ಸಂಬಂಧ ಇಲ್ಲ, ಹಾಗಾಗಿ ಬಿಚ್ಚಿ ಹೇಳುತ್ತೇನೆ.

ತುಂಗಾತೀರ ಅವರೇ, 4.2 ಸಿಗುವುದಿಲ್ಲ. 2.8ಕ್ಕೆ ಒಪ್ಪಬೇಕಾಗಿಯೂ ಇಲ್ಲ. ಎರಡಕ್ಕೂ ಕಾರಣ ಒಂದೇ ಷರತ್ತು. ಮೋಟಾರ್ ಪಾಲಿಸಿಯ ಷರತ್ತುಗಳಲ್ಲಿ ಐಡಿವಿ ಇರುವ ಭಾಗ ತೆಗೆದು ನೋಡಿ. ಟೋಟಲ್ ಲಾಸ್ ಕ್ಲೇಮಿಗೆ ಪಾಲಿಸಿ ಅವಧಿ ಮುಗಿಯುವ ತನಕ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಎಂದು ಪರಿಗಣಿಸಬೇಕು, ಅದರ ಮೇಲೆ ಮತ್ತೆ ಸವಕಳಿ ಕಳೆಯುವ ಹಾಗಿಲ್ಲ ಎಂದು ಅಲ್ಲಿ ಬರೆದಿರುತ್ತದೆ. ಪ್ರೀಮಿಯಂ ತಗೊಳ್ಳುವಾಗ 3.4 ಲಕ್ಷದ ಲೆಕ್ಕ, ಕೊಡುವಾಗ "ಈಗಿನ ಮಾರ್ಕೆಟ್" ಲೆಕ್ಕ ಅಂದರೆ ನಡೆಯುವುದಿಲ್ಲ. ಅದೇ ಷರತ್ತು ನಿಮ್ಮ ಕೈಯನ್ನೂ ಕಟ್ಟುತ್ತದೆ: ಹೊರಗೆ 4.2 ಇದ್ದರೂ ನೀವು 3.4ಕ್ಕೆ ಒಪ್ಪಿ ಪಾಲಿಸಿ ಮಾಡಿಸಿದ್ದೀರಿ.

ಇನ್ನೊಂದು, ಟೋಟಲ್ ಲಾಸ್ ಅಂತ ಮಾಡುವುದಕ್ಕೂ ಲೆಕ್ಕ ಇದೆ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಬೇಕು. ನಿಮ್ಮದಕ್ಕೆ ಆ ಗೆರೆ 2,55,000. ನೋಡಬೇಕಾದ್ದು ವರ್ಕ್‌ಶಾಪಿನ 4.1 ಅಲ್ಲ, ಪಾಲಿಸಿ ಷರತ್ತಿನ ಪ್ರಕಾರ ಸರ್ವೇಯರ್ ಅಸೆಸ್ ಮಾಡಿದ ಮೊತ್ತ. ಸಾಮಾನ್ಯ ಪಾಲಿಸಿಯಾದರೆ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ, ಏರ್‌ಬ್ಯಾಗಿಗೆ ಶೇ. 50 ಸವಕಳಿ, ಗಾಜಿಗೆ ಇಲ್ಲ, ಐದರಿಂದ ಹತ್ತು ವರ್ಷದ ಗಾಡಿಯ ಲೋಹದ ಭಾಗಕ್ಕೆ ಶೇ. 40. ಲೇಬರ್‌ಗೆ ಸವಕಳಿ ಇಲ್ಲ. ಇದೆಲ್ಲ ಕಳೆದ ಮೇಲೆ ಎಷ್ಟಾಯಿತು ಎಂದು ಸರ್ವೆ ರಿಪೋರ್ಟ್‌ನಲ್ಲಿ ಇರುತ್ತದೆ. ಅದರ ಪ್ರತಿ ಕೇಳಿ, ಮೇಲ್‌ನಲ್ಲೇ ಕೇಳಿ. ಕೇಳುವ ಹಕ್ಕು ನಿಮಗಿದೆ.

ತುಂಗಾತೀರ
ಸಾರ್ ತುಂಬಾ ಥ್ಯಾಂಕ್ಸ್. ಮೇಲ್ ಹಾಕ್ತೀನಿ. ಹಾಗಾದ್ರೆ ಸ್ವಂತ ವ್ಯಾಲ್ಯುಯೇಶನ್ನಿಗೆ ಏನೂ ಬೆಲೆ ಇಲ್ವಾ?

ಸರ್ವೇಯರ್_ದಾವಣಗೆರೆ
ಇದೆ, ಆದರೆ ನೀವು ತಡ ಮಾಡಿದ್ದೀರಿ. ಹೊಸ ಗಾಡಿಗೆ ಐಡಿವಿ ಟೇಬಲ್ ಪ್ರಕಾರ ಹೋಗುತ್ತದೆ: ಮಾಡೆಲ್‌ನ ಬೆಲೆಯ ಮೇಲೆ ಆರು ತಿಂಗಳೊಳಗೆ ಶೇ. 5, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಆಮೇಲೆ ವರ್ಷ ವರ್ಷಕ್ಕೆ 30, 40, 50. ಐದು ವರ್ಷ ದಾಟಿತೋ, ಟೇಬಲ್ ಮುಗಿಯಿತು. ಅಲ್ಲಿಂದ ಮುಂದೆ ಐಡಿವಿ ಅನ್ನುವುದು ಕಂಪನಿ ಮತ್ತು ನೀವು ಮಾತಾಡಿಕೊಂಡು ಒಪ್ಪುವ ಅಂಕಿ. ಆ ಮಾತುಕತೆ ಯಾರೂ ಮಾಡುವುದಿಲ್ಲ. ರಿನ್ಯೂವಲ್ ದಿನ ಫೋನಲ್ಲಿ ಪ್ರೀಮಿಯಂ ಕಮ್ಮಿ ತೋರಿಸಿದ ಪಾಲಿಸಿಗೆ ದುಡ್ಡು ಕಟ್ಟುತ್ತಾರೆ. ಪ್ರೀಮಿಯಂ ಕಮ್ಮಿ ಕಂಡಿದ್ದು ಐಡಿವಿ ಇಳಿಸಿದ್ದಕ್ಕೆ. ಚೆನ್ನಾಗಿ ಇಟ್ಟುಕೊಂಡ ಎಂಟು ವರ್ಷದ ಗಾಡಿಗೆ ವ್ಯಾಲ್ಯುಯೇಶನ್ ರಿಪೋರ್ಟ್ ಇಟ್ಟುಕೊಂಡು "ಐಡಿವಿ ಇಷ್ಟು ಹಾಕಿ" ಎಂದು ಕೇಳುವ ಹೊತ್ತು ಅದು, ರಿನ್ಯೂವಲ್ ಹೊತ್ತು. ಮರ ಬಿದ್ದ ಮೇಲೆ ಅಲ್ಲ.

ಕರಿಕೋಟು
ವಕೀಲನಾಗಿ ಒಂದು ಸೇರಿಸುತ್ತೇನೆ. ಕಂಪನಿಯ ಸರ್ವೇಯರ್ ರಿಪೋರ್ಟೇ ಕೊನೆಯ ಮಾತಲ್ಲ. 2009ರಲ್ಲಿ ಒಂದು ಲಾರಿ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ರಿಪೋರ್ಟ್ ಪಡೆಯಲೇಬೇಕು, ಆದರೆ ಅದನ್ನು ಮೀರಬಾರದು ಅಂತೇನಿಲ್ಲ. ಆದ್ದರಿಂದ ಅಸೆಸ್‌ಮೆಂಟ್ ಬಗ್ಗೆ ತಕರಾರಿದ್ದರೆ ಇನ್ನೊಬ್ಬ ಲೈಸೆನ್ಸ್ ಇರುವ ಸರ್ವೇಯರ್‌ನಿಂದ ಖಾಸಗಿಯಾಗಿ ವರದಿ ಪಡೆದು ಗ್ರಾಹಕ ಆಯೋಗದ ಮುಂದೆ ಅಫಿಡವಿಟ್ ಜೊತೆ ಇಡಬಹುದು. ಈ ಕೇಸಿಗೆ ಅದು ಬೇಡ. ಇಲ್ಲಿ ತಕರಾರು ಅಂಕಿಯದಲ್ಲ, ಷರತ್ತಿನದು. ಷರತ್ತು ಪಾಲಿಸಿಯಲ್ಲೇ ಅಚ್ಚಾಗಿದೆ.

ಕಂಪನಿಯ ದೂರು ವಿಭಾಗಕ್ಕೆ ಮೊದಲು ಬರೆಯಿರಿ. ತಿಂಗಳಾದರೂ ಉತ್ತರ ಇಲ್ಲ, ಅಥವಾ ಉತ್ತರ ಒಪ್ಪಿಗೆ ಇಲ್ಲ ಅಂದರೆ ವಿಮಾ ಓಂಬುಡ್ಸ್‌ಮನ್ (ವಿಮೆ ದೂರು ತೀರ್ಮಾನಿಸುವ ಅಧಿಕಾರಿ). ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ (ನನ್ನ ಹೊಟ್ಟೆ ಮೇಲೆ ನಾನೇ ಹೊಡಕೊಂಡ ಹಾಗಾಯ್ತು).

ಧಾರವಾಡದಾಕಿ
ನಡುವ ಬಾಯಿ ಹಾಕ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ವ್ಯಾಲ್ಯುಯೇಶನ್ ಸುದ್ದೀನ ನಡದದ ಅಂತ ಇಲ್ಲೇ ಕೇಳ್ತೀನಿ. ಈಗೊಂದು ತಿಂಗಳ ಹಿಂದ ಅಪ್ಪಾರು ತೀರಕೊಂಡ್ರು. ಕಾರು ಅವರ ಹೆಸರಿನ್ಯಾಗ ಅದ. ಅಣ್ಣ, ನಾನು, ನನ್ನ ತಂಗಿ ಮೂರು ಮಂದಿ. ಅಣ್ಣ "ಕಾರು ನಾ ಇಟ್ಕೋತೀನಿ, ನಿಮ್ಮ ಪಾಲಿನ ರೊಕ್ಕ ಕೊಡ್ತೀನಿ" ಅಂದಾನ. ಅವನ ಲೆಕ್ಕದಾಗ ಕಾರು ಐದು ಲಕ್ಷ. ಇಲ್ಲಿ ಡೀಲರ್ ಏಳು ಅಂತಾನ. ಜಗಳ ಬ್ಯಾಡ ನಮಗ. ಆರ್‌ಟಿಓದಾಗ ರೇಟ್ ಬರದು ಕೊಡ್ತಾರೇನ್ರಿ?

ಕರಿಕೋಟು
ಅಕ್ಕಾರೆ, ನಿಮ್ಮ ತಾಯಿಯವರು ಇದ್ದಾರಾ?

ಧಾರವಾಡದಾಕಿ
ಅದಾರ್ರಿ. ಅಣ್ಣನ ಕಡೆ ಇರ್ತಾರ.

ಕರಿಕೋಟು
ಹಾಗಾದರೆ ಪಾಲು ಮೂರಲ್ಲ, ನಾಲ್ಕು. ತಂದೆಯವರು ವಿಲ್ ಬರೆಯದೆ ತೀರಿಕೊಂಡಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿಗೂ ಮಕ್ಕಳಷ್ಟೇ ಪಾಲು. ರೇಟಿನ ಜಗಳಕ್ಕಿಂತ ಇದು ದೊಡ್ಡದು, ಮೊದಲು ಇದನ್ನು ಸರಿ ಮಾಡಿಕೊಳ್ಳಿ.

ಆರ್‌ಟಿಓ ಕಚೇರಿ ಬೆಲೆ ಬರೆದು ಕೊಡುವ ಜಾಗ ಅಲ್ಲ. ಅಲ್ಲಿನ ಮೋಟಾರು ವಾಹನ ನಿರೀಕ್ಷಕರು ನೋಡುವುದು ಗಾಡಿ ಯೋಗ್ಯವಾಗಿದೆಯೋ ಇಲ್ಲವೋ, ಅಪಘಾತ ಆದಾಗ ಬ್ರೇಕ್ ಸರಿ ಇತ್ತೋ ಇಲ್ಲವೋ ಅಂತ. ಮನೆಯೊಳಗಿನ ಪಾಲಿಗೆ ನಾಲ್ವರೂ ಒಪ್ಪಿದ ಅಂಕಿಯೇ ಬೆಲೆ. ಅದನ್ನು ಪಾಲುಪತ್ರದಲ್ಲಿ ಬರೆದು, ಹಣ ಬ್ಯಾಂಕ್ ಮೂಲಕ ತಗೊಂಡರೆ ಸಾಕು.

ಒಪ್ಪಿಗೆ ಆಗದಿದ್ದರೆ ವ್ಯಾಲ್ಯುಯರ್ ಬೇಕು. ಆಗ ಯಾರನ್ನು ಕರೆಸಬೇಕು ಅಂದರೆ, ಕಂಪನಿ ಕಾಯ್ದೆಯ ಅಡಿ ಐಬಿಬಿಐನಲ್ಲಿ (ಭಾರತೀಯ ದಿವಾಳಿತನ ಮಂಡಳಿ) ನೋಂದಾಯಿಸಿಕೊಂಡ ವ್ಯಾಲ್ಯುಯರ್. ಅದರಲ್ಲಿ ಮೂರು ವಿಭಾಗ ಇವೆ: ಭೂಮಿ ಮತ್ತು ಕಟ್ಟಡ, ಪ್ಲಾಂಟ್ ಮತ್ತು ಮಶಿನರಿ, ಹಣಕಾಸು ಆಸ್ತಿ. ವಾಹನ ಬರುವುದು ಎರಡನೆಯದರಲ್ಲಿ. ಮನೆ, ಸೈಟಿಗೆ ಬ್ಯಾಂಕಿನವರು ಕಳಿಸುವ ಎಂಜಿನಿಯರ್‌ನಿಂದ ಕಾರಿನ ರಿಪೋರ್ಟ್ ತಂದವರನ್ನು ನೋಡಿದ್ದೇನೆ. ಎದುರು ಪಕ್ಷದ ವಕೀಲರಿಗೆ ಅದು ಹಬ್ಬ.

ಇನ್ನೂ ಒಂದು. ರಿಪೋರ್ಟ್‌ನಲ್ಲಿ "ಯಾವ ದಿನಾಂಕಕ್ಕೆ ಈ ಬೆಲೆ" ಅಂತ ಇರಲೇಬೇಕು. ತಂದೆ ತೀರಿಕೊಂಡ ದಿನದ ಬೆಲೆಯೋ, ಇವತ್ತಿನ ಬೆಲೆಯೋ? ಅದನ್ನು ನಾಲ್ವರೂ ಮೊದಲೇ ಒಪ್ಪಿಕೊಂಡು ಕರೆಸಿ.

ಸರ್ವೇಯರ್_ದಾವಣಗೆರೆ
ಅಕ್ಕಾರೆ, ಆ ಕಾರಿನ ಪಾಲಿಸಿ ನೋಡಿದ್ರಾ? ಪಾಲಿಸಿದಾರರು ತೀರಿಕೊಂಡರೆ ಪಾಲಿಸಿ ಅಂದೇ ಸಾಯುವುದಿಲ್ಲ, ಆದರೆ ಮೂರು ತಿಂಗಳ ಮೇಲೆ ಬದುಕುವುದೂ ಇಲ್ಲ. ಅದಕ್ಕೆ ಮೊದಲೇ ಅವಧಿ ಮುಗಿದರೆ ಅಲ್ಲಿಗೇ ಮುಗಿಯಿತು. ಆರ್‌ಟಿಓಗೂ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಬೆಲೆ ಲೆಕ್ಕ ಆಮೇಲೆ ಮಾಡಿಕೊಳ್ಳಿ, ಈ ಕಾಗದ ಮೊದಲು ಮುಗಿಸಿ.

ಧಾರವಾಡದಾಕಿ
ಅಯ್ಯ ಶಿವನ, ತಿಂಗಳಾಗೇಬಿಡ್ತಲ್ರಿ! ನಾಳೇನ ಅಣ್ಣಗ ಹೇಳ್ತೀನಿ. ಅವ್ವನ ಪಾಲಿನ ಮಾತು ಹೆಂಗ ತಗೀಲಿ ಅನ್ನೂದು ವಿಚಾರ ಮಾಡಬೇಕು.

ಗ್ಯಾರೇಜ್_ಮೈಸೂರು
ಅಕ್ಕ, ವ್ಯಾಲ್ಯುಯರ್ ಬಂದ್ರೆ ಪಕ್ಕದಲ್ಲೇ ನಿಂತು ನೋಡಿ. ಕೆಲಸ ಗೊತ್ತಿರೋನೋ, ಫೋಟೋ ಹೊಡ್ಕೊಂಡು ಹೋಗೋನೋ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. ಗೊತ್ತಿರೋನು ಮೊದ್ಲು ಚಾಸಿಸ್ ನಂಬರ್ ಹುಡುಕ್ತಾನೆ. ಧೂಳು ಒರೆಸಿ, ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಅಡ್ಡಡ್ಡ ಉಜ್ಜಿ ಅಚ್ಚು ತಗೋತಾನೆ, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸ್ತಾನೆ. ಆಮೇಲೆ ಡೋರ್ ರಬ್ಬರ್ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕಿ ನೋಡ್ತಾನೆ. ಕಂಪನಿ ಚುಕ್ಕಿ ಒಂದೇ ಅಂತರದಲ್ಲಿ ಗುಂಡಗೆ ಇರುತ್ತೆ. ಹೊರಗೆ ಮಾಡಿಸಿದ್ರೆ ಅಂಕುಡೊಂಕು, ಮೇಲೆ ಪುಟ್ಟಿ ಮೆತ್ತಿರುತ್ತೆ. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರ. ಮೀಟರ್ 30 ಸಾವಿರ ತೋರಿಸ್ತಾ ಇದ್ದು ನಾಲ್ಕು ಟೈರೂ ಬೇರೆ ಬೇರೆ ವರ್ಷದ್ದಾದ್ರೆ ಏನೋ ಇದೆ ಅಂತ ಅರ್ಥ. ಸೀಟ್ ಬೆಲ್ಟ್ ಕೊನೆ ತನಕ ಎಳೆದು ನೋಡಿ. ನೀರಲ್ಲಿ ನಿಂತ ಗಾಡಿಯ ಬೆಲ್ಟ್‌ಗೆ ಒಳಗಡೆ ಕೆಸರಿನ ಗೆರೆ ಉಳ್ಕೊಂಡಿರುತ್ತೆ. ಸೀಟ್ ತೊಳೀತಾರೆ, ಬೆಲ್ಟ್ ಮಾತ್ರ ಮರೀತಾರೆ. 2022ರಲ್ಲಿ ಬೆಂಗ್ಳೂರಲ್ಲಿ ಕಾರು ತೇಲಾಡಿದ್ವಲ್ಲ, ಆಮೇಲೆ ಇಂಥವು ನಮ್ ಕಡೆ ಬಂದಿದ್ವು.

ಬೆಳ್ಳಂದೂರು_ಬಡವ
ಆ ಸೆಪ್ಟೆಂಬರಲ್ಲಿ ನಮ್ಮ ಬೇಸ್‌ಮೆಂಟ್ ಕೂಡ ಮುಳುಗಿತ್ತು, ನೆನಪಿಸಬೇಡಿ. ನೀರಲ್ಲಿದ್ದ ಗಾಡಿ ಸ್ಟಾರ್ಟ್ ಮಾಡಿ ಎಂಜಿನ್ ಹೋದ್ರೆ ಸಾಮಾನ್ಯ ಪಾಲಿಸಿಯಲ್ಲಿ ಸಿಗಲ್ಲ, ಎಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ಕವರ್ ಬೇಕು ಅಂತ ಆಗಲೇ ಇಡೀ ಅಪಾರ್ಟ್‌ಮೆಂಟಿಗೆ ಗೊತ್ತಾಗಿದ್ದು.

ನನ್ನ ಪ್ರಶ್ನೆ ಟ್ಯಾಕ್ಸ್‌ದು. ನಾನು ಕೆಲಸ ಮಾಡೋ ಕಂಪನಿ ತನ್ನ ಹೆಸರಲ್ಲಿ 15 ಲಕ್ಷಕ್ಕೆ ತೆಗೆದು ನಂಗೆ ಕೊಟ್ಟಿದ್ದ ಕಾರು. ಮೂರು ವರ್ಷ ತುಂಬಿದೆ, ಈಗ 4 ಲಕ್ಷಕ್ಕೆ ನಂಗೇ ಕೊಡ್ತಾರಂತೆ. ವ್ಯಾಲ್ಯುಯರ್ ಕೈಲಿ "ಗಾಡಿ ಡಲ್ ಆಗಿದೆ, 4 ಲಕ್ಷವೇ ಬಾಳೋದು" ಅಂತ ಬರೆಸಿದ್ರೆ ಟ್ಯಾಕ್ಸ್ ಬರಲ್ಲ ಅಲ್ವಾ?

ಲೆಕ್ಕದ_ಪುಸ್ತಕ
ಬರುತ್ತೆ. ಇಲ್ಲಿ ಮಾರ್ಕೆಟ್ ಬೆಲೆಯನ್ನು ಯಾರೂ ಕೇಳುವುದಿಲ್ಲ. ಉದ್ಯೋಗದಾತ ತನ್ನ ಕಾರನ್ನು ಉದ್ಯೋಗಿಗೆ ಮಾರಿದರೆ ತುಂಬಿದ ಪ್ರತಿ ವರ್ಷಕ್ಕೆ ಶೇ. 20ರಂತೆ, ಇಳಿಯುತ್ತಾ ಹೋಗುವ ಬೆಲೆಯ ಮೇಲೆ, ಕಳೆಯಬೇಕು. 15 ಲಕ್ಷ, ಮೊದಲ ವರ್ಷ ಮುಗಿದಾಗ 12, ಎರಡು ಮುಗಿದಾಗ 9.6, ಮೂರು ಮುಗಿದಾಗ 7.68. ನೀವು ಕೊಡುವುದು 4. ಉಳಿದ 3.68 ಲಕ್ಷ ಪರ್ಕ್ವಿಸಿಟ್ (ಕೆಲಸದಿಂದ ಸಿಕ್ಕ ಸವಲತ್ತು) ಎಂದು ಸಂಬಳಕ್ಕೆ ಸೇರುತ್ತದೆ. ವ್ಯಾಲ್ಯುಯರ್ ಕೈಯಲ್ಲಿ ಏನು ಬರೆಸಿದರೂ ಈ ಲೆಕ್ಕ ಕದಲುವುದಿಲ್ಲ.

"ತುಂಬಿದ ವರ್ಷ" ಅನ್ನುವುದನ್ನು ಗಮನಿಸಿ. ಎರಡು ವರ್ಷ ಹನ್ನೊಂದು ತಿಂಗಳಿಗೆ ಬರೆಸಿಕೊಂಡಿದ್ದರೆ 9.6ರ ಲೆಕ್ಕ ಬೀಳುತ್ತಿತ್ತು. ಇನ್ನು ಕಾರು ಲೀಸಿಂಗ್ ಕಂಪನಿ ಹೆಸರಲ್ಲಿದ್ದರೆ ಕಥೆಯೇ ಬೇರೆ. ಆರ್‌ಸಿಯಲ್ಲಿ ಯಾರ ಹೆಸರಿದೆ ನೋಡಿ ನಿಮ್ಮ ಆಡಿಟರ್ ಹತ್ತಿರ ಕೇಳಿ.

ಬೆಳ್ಳಂದೂರು_ಬಡವ
3.68! ಎಚ್‌ಆರ್ ಇದನ್ನ ಹೇಳಲೇ ಇಲ್ಲ. ಅಂದ್ಹಾಗೆ, ಹಳೇ ಕಾರು ಮಾರಿದ್ರೆ 18 ಪರ್ಸೆಂಟ್ ಜಿಎಸ್‌ಟಿ ಅಂತ ವಾಟ್ಸಾಪಲ್ಲಿ ಬರ್ತಿತ್ತಲ್ಲ, ಅದು ನಮಗೂ ಇದೆಯಾ?

ಲೆಕ್ಕದ_ಪುಸ್ತಕ
ಇಲ್ಲ. 2024ರ ಡಿಸೆಂಬರ್‌ನ ಕೌನ್ಸಿಲ್ ಸಭೆಯ ಸುದ್ದಿ ಅದು. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಿಗೆ, ಅದೂ ಪೂರ್ತಿ ಬೆಲೆಗಲ್ಲ, ಲಾಭದ ಅಂಶಕ್ಕೆ. ಮನೆ ಬಳಕೆಯ ಕಾರನ್ನು ಪಕ್ಕದ ಮನೆಯವರಿಗೆ ಮಾರಿದರೆ ಜಿಎಸ್‌ಟಿ ಇಲ್ಲ. ಆದಾಯ ತೆರಿಗೆಯಲ್ಲೂ ಸ್ವಂತ ಬಳಕೆಯ ಕಾರು ಬಂಡವಾಳ ಆಸ್ತಿ ಅಲ್ಲ. ಲಾಭವಾದರೆ ತೆರಿಗೆ ಇಲ್ಲ, ನಷ್ಟವಾದರೆ ಕಳೆಯಲೂ ಬರುವುದಿಲ್ಲ. ಅಂಗಡಿ ಲೆಕ್ಕದಲ್ಲಿ ಸವಕಳಿ ತೋರಿಸಿದ ಕಾರಾದರೆ ಈ ಮಾತು ಅನ್ವಯಿಸುವುದಿಲ್ಲ.

ಕುಡ್ಲದ_ಹಳೆಗಾಡಿ
ಎಲ್ಲ ಹೊಸ ಗಾಡಿಗಳದ್ದೇ ಆಯ್ತಲ್ಲ ಮಾರಾಯ್ರೆ. ನಮ್ಮ ಅಜ್ಜನ 1964ರ ಅಂಬಾಸಿಡರ್ ಉಂಟು, ಮಾರ್ಕ್ ಟು. ಎಂಜಿನ್ ಒರಿಜಿನಲ್, ಸ್ಟೀರಿಂಗ್ ಪಕ್ಕದ ಗೇರ್ ಇನ್ನೂ ಬೆಣ್ಣೆಯ ಹಾಗೆ ಬೀಳ್ತದೆ. ಕಳೆದ ವರ್ಷ ಒಬ್ಬರು ಮನೆಗೆ ಬಂದು ಆರು ಲಕ್ಷ ಕೊಡ್ತೇನೆ ಅಂತ ಕೂತ್ರು, ಅಮ್ಮ ಚಾ ಕೊಟ್ಟು ಕಳಿಸಿದ್ರು. ಇನ್ಶೂರೆನ್ಸ್‌ನವರು ಮಾತ್ರ ಥರ್ಡ್ ಪಾರ್ಟಿ ಬಿಟ್ಟು ಬೇರೆ ಎಂತದೂ ಇಲ್ಲ ಅಂತಾರೆ. ವ್ಯಾಲ್ಯುಯೇಶನ್ ಮಾಡಿಸಿ ಆರು ಲಕ್ಷದ ಪಾಲಿಸಿ ಮಾಡ್ಲಿಕ್ಕೆ ಆಗ್ತದಾ?

ಸರ್ವೇಯರ್_ದಾವಣಗೆರೆ
ಅಗ್ರೀಡ್ ವ್ಯಾಲ್ಯೂ ಪಾಲಿಸಿ ಅಂತ ಒಂದಿದೆ. ಮೊದಲೇ ಬೆಲೆ ಒಪ್ಪಿಕೊಂಡು, ಟೋಟಲ್ ಲಾಸ್ ಆದರೆ ಸವಕಳಿ ಇಲ್ಲದೆ ಅಷ್ಟೂ ಕೊಡುವುದು. ಹಳೆಯ ಮೋಟಾರ್ ಟ್ಯಾರಿಫ್‌ನಲ್ಲಿ (ವಾಹನ ವಿಮೆಯ ದರ, ನಿಯಮಗಳ ಪುಸ್ತಕ) ಇದನ್ನು ವಿಂಟೇಜ್ ಕಾರಿಗೆಂದೇ ಇಟ್ಟಿದ್ದಾರೆ, ವಿಂಟೇಜ್ ಅನ್ನುವುದಕ್ಕೆ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಬೇಕು ಎಂದೂ ಇದೆ. ಆದರೆ ಆ ಟ್ಯಾರಿಫ್ ಪ್ರಕಾರ ವಿಂಟೇಜ್ ಅಂದರೆ 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾದದ್ದು. ನಿಮ್ಮ ಅಜ್ಜನ ಗಾಡಿ ಇನ್ನೂ ಚಿಕ್ಕ ಹುಡುಗ.

ಕುಡ್ಲದ_ಹಳೆಗಾಡಿ
ಆದ್ರೆ ಆರ್‌ಟಿಓದವರು 50 ವರ್ಷ ದಾಟಿದ್ರೆ ವಿಂಟೇಜ್ ಅಂತಾರಲ್ಲ!

ಸರ್ವೇಯರ್_ದಾವಣಗೆರೆ
ಅದು 2021ರ ಕೇಂದ್ರ ಮೋಟಾರು ವಾಹನ ನಿಯಮದ ವಿಂಟೇಜ್. ನೋಂದಣಿಗೆ ಸಂಬಂಧಿಸಿದ್ದು. ಹೊಸ ನೋಂದಣಿಗೆ 20,000, ನಂಬರಿನಲ್ಲಿ ವಿಎ ಅಕ್ಷರ, ಹತ್ತು ವರ್ಷದ ಅವಧಿ. ಹಾಗೆ ನೋಂದಾಯಿಸಿದರೆ ದಿನಾ ಪೇಟೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲಿಗೆ ಮಾತ್ರ. ಒಂದೇ ಗಾಡಿ ಒಂದು ಕಾನೂನಿಗೆ ವಿಂಟೇಜ್, ಇನ್ನೊಂದಕ್ಕೆ ಬರೀ ಹಳೇ ಗಾಡಿ. ಆದರೂ ದಾರಿ ಮುಚ್ಚಿಲ್ಲ. ಐದು ವರ್ಷ ದಾಟಿದ ಯಾವ ಗಾಡಿಗೂ ಐಡಿವಿ ಒಪ್ಪಂದದ್ದೇ ಅಂದೆನಲ್ಲ, ಅದು ನಿಮಗೂ ಅನ್ವಯಿಸುತ್ತದೆ. ಫೋಟೋ, ಮಾಡಿಸಿದ ಕೆಲಸದ ಬಿಲ್, ವ್ಯಾಲ್ಯುಯೇಶನ್ ರಿಪೋರ್ಟ್ ಸೇರಿಸಿ ಕಂಪನಿಯ ಡಿವಿಜನಲ್ ಆಫೀಸಿಗೇ ಅರ್ಜಿ ಕೊಡಿ. ಏಜೆಂಟರ ಕೈಯಲ್ಲಿ ಇದು ಆಗುವುದಿಲ್ಲ, ಅವರ ಸಾಫ್ಟ್‌ವೇರ್‌ನಲ್ಲಿ 1964 ಅನ್ನುವ ವರ್ಷವೇ ಬರುವುದಿಲ್ಲ.

ಕುಡ್ಲದ_ಹಳೆಗಾಡಿ
ದಿನಾ ಓಡಿಸ್ಲಿಕ್ಕೆ ಇಲ್ಲ ಅಂದ್ರೆ ವಿಎ ಬೇಡ. ಅಮ್ಮನಿಗೆ ಕಟೀಲಿಗೆ ಹೋಗ್ಲಿಕ್ಕೆ ಅದೇ ಗಾಡಿ ಆಗ್ಬೇಕು.

ಹೊಸಬ_ಕೋಲಾರ
ಸರ್, ನಮ್ಮ ಗಾಡಿ ಒಂದು ಕೇಸಲ್ಲಿ ಪೊಲೀಸ್ ಸ್ಟೇಷನ್ ಮುಂದೆ ನಿಂತಿದೆ. ಬಿಡಿಸಿಕೊಳ್ಳೋಕೆ ವ್ಯಾಲ್ಯೂ ಸರ್ಟಿಫಿಕೇಟ್ ತನ್ನಿ ಅಂತಿದ್ದಾರೆ. ಎಲ್ಲಿ ಮಾಡಿಸೋದು?

ಕರಿಕೋಟು
ಮ್ಯಾಜಿಸ್ಟ್ರೇಟ್ ಗಾಡಿಯ ಬೆಲೆಯಷ್ಟು ಇಂಡೆಮ್ನಿಟಿ ಬಾಂಡ್ (ನಷ್ಟವಾದರೆ ತುಂಬಿಕೊಡುತ್ತೇನೆ ಎಂಬ ಮುಚ್ಚಳಿಕೆ) ಬರೆಸಿಕೊಳ್ಳುತ್ತಾರೆ, ಅದಕ್ಕೆ ಅಂಕಿ ಬೇಕು. ಚಾಲ್ತಿಯಲ್ಲಿರುವ ಪಾಲಿಸಿಯ ಐಡಿವಿ ತೋರಿಸಿದರೆ ಎಷ್ಟೋ ಕಡೆ ಸಾಕಾಗುತ್ತದೆ, ಮೊದಲು ಅದನ್ನೇ ಇಡಿ. ಇಲ್ಲಿ ಬೆಲೆ ಜಾಸ್ತಿ ತೋರಿಸಿ ನಿಮಗೆ ಲಾಭ ಇಲ್ಲ, ಬಾಂಡ್ ಮೊತ್ತ ಏರುತ್ತದೆ ಅಷ್ಟೆ. ಜಪ್ತಿಯಾದ ವಾಹನ ಸ್ಟೇಷನ್ ಮುಂದೆ ಕೊಳೆಯಬಾರದು, ಫೋಟೋ, ಪಂಚನಾಮೆ, ಬಾಂಡ್ ಮಾಡಿಸಿಕೊಂಡು ಬೇಗ ಬಿಡಬೇಕು ಎಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ನಿಮ್ಮ ವಕೀಲರಿಗೆ ಗೊತ್ತೇ ಇರುತ್ತದೆ. ಆದರೆ ಅಬಕಾರಿ ಅಥವಾ ಅರಣ್ಯದ ಕೇಸಾದರೆ ದಾರಿ ಬೇರೆ, ಇಲ್ಲಿ ಬರೆಯಬೇಡಿ, ಅವರನ್ನೇ ಕೇಳಿ.

ತುಂಗಾತೀರ
ಎಲ್ಲರಿಗೂ ಅಪ್‌ಡೇಟ್. ಸರ್ವೆ ರಿಪೋರ್ಟ್ ಬಂತು, ಅಸೆಸ್ ಮಾಡಿದ್ದು 2,68,000. ಅಂದ್ರೆ ಶೇ. 75 ದಾಟಿದೆ, ಟೋಟಲ್ ಲಾಸ್ ಸರಿ ಇದೆ. 2.8 ಅನ್ನೋ ಅಂಕಿ ರಿಪೋರ್ಟಲ್ಲಿ ಎಲ್ಲೂ ಇಲ್ಲ! ಪಾಲಿಸಿ ಷರತ್ತಿನ ಆ ಸಾಲನ್ನ ಹಾಗೇ ಎತ್ತಿ ದೂರು ವಿಭಾಗಕ್ಕೆ ಮೇಲ್ ಹಾಕಿದೆ. ಈಗ ಧಾಟಿ ಬದಲಾಗಿದೆ. ಗಾಡಿ ಅವರಿಗೇ ಬಿಟ್ರೆ 3,39,000. ನಾನೇ ಇಟ್ಕೊಂಡ್ರೆ ಅದರಲ್ಲಿ 85,000 ಕಳೆದು 2,54,000. ಆ ಒಂದು ಸಾವಿರ ಏನು ಸಾರ್? ಮತ್ತೆ 85,000 ಯಾರು ನಿಗದಿ ಮಾಡಿದ್ದು?

ಸರ್ವೇಯರ್_ದಾವಣಗೆರೆ
ಸಾವಿರ ಕಡ್ಡಾಯ ಕಡಿತ, 1500 ಸಿಸಿ ತನಕದ ಕಾರಿಗೆ ಅಷ್ಟು. ಅದರ ಮೇಲಿನದಕ್ಕೆ ಎರಡು ಸಾವಿರ. 85,000 ಸಾಲ್ವೇಜ್ ಬೆಲೆ, ಗುಜರಿ ವ್ಯಾಪಾರಿಗಳು ಆನ್‌ಲೈನ್‌ನಲ್ಲಿ ಕೂಗಿದ ಅತಿ ಹೆಚ್ಚಿನ ಬಿಡ್. ಗಾಡಿ ಇಟ್ಟುಕೊಳ್ಳಬೇಕು ಅನ್ನುವವರು ಜಗಳ ಮಾಡಬೇಕಾದ ಅಂಕಿ ಅದೇ. ಅಲ್ಲಿ ಬೇಕಿದ್ದರೆ ನಿಮ್ಮ ಸ್ವಂತ ವ್ಯಾಲ್ಯುಯೇಶನ್ ಅಥವಾ ಬೇರೆ ಗುಜರಿಯವರ ಲಿಖಿತ ಕೊಟೇಶನ್ ಕೆಲಸಕ್ಕೆ ಬರುತ್ತದೆ. ಟಾಪ್ ಕೂತ ಗಾಡಿ ನಿಮಗೆ ಬೇಕಾ?

ಗ್ಯಾರೇಜ್_ಮೈಸೂರು
ಬೇಡ. ಪಿಲ್ಲರ್ ಬಗ್ಗಿದ ಮೇಲೆ ಯಾರು ಏನು ಎಳೆದ್ರೂ ಡೋರ್ ಸರಿಯಾಗಿ ಕೂರಲ್ಲ. ಕೊಟ್ಬಿಡಿ ಸಾರ್.

ತುಂಗಾತೀರ
ಕೊಡೋದೇ ಅಂತ ತೀರ್ಮಾನ. ಗುಜರಿಯವರು ಗಾಡಿ ಎತ್ತೋಕೆ ಬರುವಾಗ ಫಾರಂ 29, 30ಕ್ಕೆ (ಓನರ್ ಹೆಸರು ವರ್ಗಾವಣೆ ಫಾರಂ) ಸೈನ್ ಹಾಕಿ ಖಾಲಿ ಕೊಡಿ ಅಂದಿದ್ದಾರೆ.

ಕರಿಕೋಟು
ಖಾಲಿ ಫಾರಂ ಯಾವ ಕಾರಣಕ್ಕೂ ಕೊಡಬೇಡಿ. ಗುಜರಿ ಸೇರಿದ ಗಾಡಿಯ ಆರ್‌ಸಿ, ಚಾಸಿಸ್ ನಂಬರ್ ಕದ್ದ ಗಾಡಿಗೆ ಅಂಟಿ ರಸ್ತೆಗೆ ಬರುವುದು ಹೊಸದೇನಲ್ಲ. ಆಗ ಪೊಲೀಸರು ಬರುವುದು ಆರ್‌ಸಿಯಲ್ಲಿ ಹೆಸರಿರುವ ನಿಮ್ಮ ಮನೆಗೆ. ಗಾಡಿ ನಾಶವಾಗಿದೆ ಎಂದು 14 ದಿನದೊಳಗೆ ಆರ್‌ಟಿಓಗೆ ತಿಳಿಸುವುದು ಓನರ್ ಕರ್ತವ್ಯ, ಕಾಯ್ದೆಯಲ್ಲೇ ಇದೆ. ಆರ್‌ಸಿ ರದ್ದಿಗೆ ಅರ್ಜಿ ಕೊಟ್ಟ ಸ್ವೀಕೃತಿ ಇಟ್ಟುಕೊಳ್ಳಿ. ಗಾಡಿ ಎತ್ತುವವರಿಂದ ದಿನಾಂಕ, ಸಮಯ, ಸಹಿ ಇರುವ ಡೆಲಿವರಿ ರಸೀದಿ ತಗೊಳ್ಳಿ. ಫಾಸ್ಟ್ಯಾಗ್ ಮುಚ್ಚಿಸುವುದು ಮರೆಯಬೇಡಿ.

ತುಂಗಾತೀರ
ಎಲ್ಲ ಬರ್ಕೊಂಡೆ. ಕೊನೇದೊಂದು ಪ್ರಶ್ನೆ, ನಗಬೇಡಿ. ಮರ ಬೀಳೋಕೆ ಸ್ವಲ್ಪ ಮುಂಚೆ ಹೊಸ ಬ್ಯಾಟರಿ ಹಾಕ್ಸಿದ್ದೆ. ಅದನ್ನ ಬಿಚ್ಚಿಟ್ಕೋಬಹುದಾ?

ಸರ್ವೇಯರ್_ದಾವಣಗೆರೆ
ಫೋಟೋದಲ್ಲಿ ಬ್ಯಾಟರಿ ಕಾಣಿಸಿದ್ದರೆ ಇಲ್ಲ. 85,000 ಕೂಗಿದವನು ಅದನ್ನೂ ಸೇರಿಸಿಯೇ ಕೂಗಿರುತ್ತಾನೆ.